ಸಣ್ಣ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆ ಮತ್ತು ಫಿಲ್ಟರ್



ನೇಗಿಲು ಎತ್ತಲು ಲಿಫ್ಟ್ ತಡವರಿಸಿದೊಡನೆ ಪಂಪು ಕೆಟ್ಟಿತೆಂದು ಹಲವರು ಸಾವಿರಾರು ರೂಪಾಯಿ ಸುರಿಯುತ್ತಾರೆ. ಮೊದಲು ನೋಡಬೇಕಾದದ್ದು ಎಣ್ಣೆ ಮತ್ತು ಫಿಲ್ಟರ್. ಪಂಪಿನ ಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಕಿರಿದು. ಕಣ್ಣಿಗೆ ಕಾಣದ ದೂಳೂ ಅದನ್ನು ಉಜ್ಜಿ ಸವೆಸುತ್ತದೆ. ಸವೆದ ಪಂಪಿಗೆ ಬೇಕಾದಷ್ಟು ಒತ್ತಡ ಹುಟ್ಟಿಸುವ ಶಕ್ತಿ ಉಳಿಯದು.

ತುಂಗಭದ್ರಾ, ಭದ್ರಾ ಅಚ್ಚುಕಟ್ಟಿನಂಥ ಕಡೆ ಭತ್ತದ ಗದ್ದೆಯನ್ನು ಕೆಸರು ಮಾಡುವವರು ಇನ್ನಷ್ಟು ಎಚ್ಚರದಿಂದಿರಬೇಕು. ಸವೆದ ಸೀಲಿನ ಮೂಲಕ ನೀರು ಒಳಸೇರಿದರೆ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಹಲವು ಟ್ರ್ಯಾಕ್ಟರುಗಳಲ್ಲಿ ಗೇರ್ ಪೆಟ್ಟಿಗೆಗೂ ಲಿಫ್ಟಿಗೂ ಒಂದೇ ಎಣ್ಣೆ ಇರುವುದರಿಂದ ಹಾನಿ ಎರಡಕ್ಕೂ. ಅಂಥ ಎಣ್ಣೆಯನ್ನು ಪೂರ್ತಿ ಬಸಿದು, ಸೀಲನ್ನೂ ಬದಲಿಸಬೇಕು. ಅದರ ಮೇಲೆಯೇ ಹೊಸ ಎಣ್ಣೆ ಸುರಿಯುವುದು ದುಡ್ಡು ದಂಡ. ನೊರೆ ಕಂಡರೆ ಎಣ್ಣೆಯ ಮಟ್ಟ ಇಳಿದಿರಬಹುದು, ಇಲ್ಲವೇ ಪಂಪಿಗೆ ಎಣ್ಣೆ ಹೀರುವ ಕೊಳವೆಯಲ್ಲಿ ಗಾಳಿ ಸೇರುತ್ತಿರಬಹುದು.

ತಂತಿಬಲೆಯ ಜರಡಿಯನ್ನು ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ ಮತ್ತೆ ಹಾಕಬಹುದು. ಕಾಗದದ ಫಿಲ್ಟರನ್ನು ತೊಳೆಯಕೂಡದು, ಬದಲಿಸಲೇಬೇಕು. ಹೊಸ ಟ್ರ್ಯಾಕ್ಟರಿನ ಗೇರುಗಳಿಂದ ಲೋಹದ ಪುಡಿ ಉದುರುವುದರಿಂದ ಮೊದಲ ಬದಲಾವಣೆ ಬೇಗ ಆಗಬೇಕು. ಗಂಟೆಗಳ ಲೆಕ್ಕ ಕೈಪಿಡಿಯಲ್ಲಿದೆ. ಎಣ್ಣೆ ಸುರಿಯುವ ಮುನ್ನ ಮುಚ್ಚಳದ ಸುತ್ತ ಒರೆಸಿ. ನಾರು ಉದುರುವ ಹಳೇ ಬಟ್ಟೆ ಬೇಡ.

ಸೋರುವ ಕೊಳವೆಯನ್ನು ಕೈಯಿಂದ ತಡವಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಒತ್ತಡದ ಎಣ್ಣೆ ಚರ್ಮ ತೂರಿ ಒಳಹೊಗುತ್ತದೆ. ಗಾಯ ಸೂಜಿಮೊನೆಯಷ್ಟಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಯಾವುದನ್ನೇ ಕಳಚುವ ಮುನ್ನ ನೇಗಿಲನ್ನು ನೆಲಕ್ಕಿಳಿಸಿ ಎಂಜಿನ್ ನಿಲ್ಲಿಸಿ.