ಮನೆ ಕಾಯುವ ಸೆನ್ಸರ್: ನಾವೇ ಕೂರಿಸೋಣ, ನಾವೇ ಪರೀಕ್ಷಿಸೋಣ

(ಹೈದರಾಬಾದಿನಲ್ಲಿ ನಡೆದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮಕ್ಕಳಿಗೆ ಬೇಸಿಗೆ ರಜೆ ಬಂತೆಂದರೆ ನಮ್ಮ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಕಲಬುರಗಿ, ಬೀದರ, ರಾಯಚೂರು, ಧಾರವಾಡ ಎಂದು ಎಲ್ಲರೂ ಊರಿನ ದಾರಿ ಹಿಡಿಯುತ್ತೇವೆ. ಉಳಿದ ದಿನಗಳಲ್ಲಿ ವಯಸ್ಸಾದ ಅತ್ತೆಯೋ ತಾಯಿಯೋ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅದಕ್ಕಾಗಿಯೇ ಈಗ ಹಲವರು ವೈರ್‌ಲೆಸ್ ಅಲಾರಂ ಹಾಕಿಸುತ್ತಿದ್ದೀರಿ. ಅದರ ಮೋಷನ್ ಡಿಟೆಕ್ಟರ್ ಬಗ್ಗೆ, ನನ್ನ ಮನೆಯಲ್ಲಿ ಕೂರಿಸಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ.

ಇದು ಗಂಡಸರ ಕೆಲಸ ಎಂದುಕೊಳ್ಳುವವರಿಗೆ ಮೊದಲು ಒಂದು ಮಾತು. ಕ್ಯಾಮೆರಾ, ಟಿವಿ ಪರದೆ, ಪೊಲೀಸರಿಗೆ ಸುದ್ದಿ ಮುಟ್ಟಿಸುವ ಗುಂಡಿ ಇದ್ದ ಮನೆಭದ್ರತಾ ವ್ಯವಸ್ಥೆಯನ್ನು ರೂಪಿಸಿದವರು ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಒಬ್ಬ ನರ್ಸ್, ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರಬೇಕಾಗುತ್ತಿದ್ದ ಅವರು ಪತಿ ಆಲ್ಬರ್ಟ್ ಜೊತೆ ಸೇರಿ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1969ರಲ್ಲಿ ಅದು ದೊರೆಯಿತು.

ನಮ್ಮ ಮನೆಗೆ ಅಲಾರಂ ಜೋಡಿಸಲು ಬಂದ ಹುಡುಗ ಬಾಗಿಲಲ್ಲೇ ಕೇಳಿದ, "ಸಾರ್ ಲೇರಾ ಅಮ್ಮಾ?" ಮನೆಯವರು ಟೂರಿನಲ್ಲಿದ್ದರು. ಆತ ಅವರಿಗೇ ಫೋನ್ ಹಚ್ಚಿ ಕೋಡ್ ಹೇಳಹೊರಟ. "ತಮ್ಮಾ, ದಿನಾ ಇದನ್ನು ಒತ್ತುವವಳು ನಾನು, ನನಗೇ ತೋರಿಸು" ಎಂದು ಎದುರು ಕೂರಿಸಿಕೊಂಡೆ. ನೀವೂ ಹಾಗೆಯೇ ಮಾಡಿ. ಮನೆಯಲ್ಲಿ ಇರುವವರಿಗೆ ಗೊತ್ತಿಲ್ಲದ ಅಲಾರಂ ಎರಡೇ ವಾರದಲ್ಲಿ ಗೋಡೆಯ ಅಲಂಕಾರವಾಗುತ್ತದೆ.

ಈ ಸೆನ್ಸರಿಗೆ ಮನುಷ್ಯ ಕಾಣುವುದಿಲ್ಲ, ಕಾಣುವುದು ಶಾಖ ಮಾತ್ರ. ನಮ್ಮ ಮೈಯಿಂದ ಸದಾ ಅವಕೆಂಪು ಕಿರಣಗಳು ಹೊರಡುತ್ತಿರುತ್ತವೆ. ಸೆನ್ಸರಿನ ಮುಂದಿರುವ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಬೀಸಣಿಗೆಯ ಮಡಿಕೆಗಳಂತೆ ಪಟ್ಟಿ ಪಟ್ಟಿಯಾಗಿ ವಿಂಗಡಿಸುತ್ತದೆ. ಗೋಡೆ, ನೆಲಕ್ಕಿಂತ ಬೆಚ್ಚಗಿರುವ ಮೈ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಅದು ರೇಡಿಯೋ ಮೂಲಕ ಪ್ಯಾನೆಲ್‌ಗೆ ಸುದ್ದಿ ಕೊಡುತ್ತದೆ. ಇಷ್ಟು ತಿಳಿದರೆ ಎಲ್ಲಿ ಕೂರಿಸಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಕೋಣೆಯ ಮೂಲೆಯಲ್ಲಿ, ಸಾಮಾನ್ಯವಾಗಿ ಏಳರಿಂದ ಎಂಟು ಅಡಿ ಎತ್ತರದಲ್ಲಿ ಕೂರಿಸಿ. ನಿಮ್ಮ ಮಾದರಿಯ ಪುಸ್ತಿಕೆಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ. ಕಳ್ಳ ಸೆನ್ಸರಿನ ಕಡೆಗೆ ನೇರವಾಗಿ ನಡೆದು ಬರುವುದಕ್ಕಿಂತ ಅದರ ಮುಂದೆ ಅಡ್ಡ ಹಾಯುವಂತಿರಬೇಕು. ಕಿಟಕಿಯ ಬಿಸಿಲು, ಎಸಿಯ ಗಾಳಿ, ಅಡುಗೆ ಒಲೆ, ದೇವರ ದೀಪ ಇವುಗಳತ್ತ ಮುಖ ಮಾಡಬೇಡಿ. ಗಾಜಿನ ಆಚೆಯ ಬಾಲ್ಕನಿಯನ್ನು ಒಳಗಿನಿಂದ ಕಾಯುವುದು ಇದಕ್ಕೆ ಆಗದು. ಮೈಯ ಶಾಖದ ಕಿರಣಗಳನ್ನು ಕಿಟಕಿ ಗಾಜು ತಡೆಯುತ್ತದೆ. ಪರದೆ, ಅಲ್ಮೇರಾ ಅಡ್ಡ ಬಂದರೂ ಅಷ್ಟೇ. ಪ್ಯಾನೆಲನ್ನು ಸ್ಟೀಲ್ ಅಲ್ಮೇರಾದ ಹಿಂದೆ ಇಟ್ಟರೆ ರೇಡಿಯೋ ಸಂಕೇತ ಕುಂದುತ್ತದೆ. ಲೆನ್ಸಿನ ಮೇಲೆ ಹಲ್ಲಿ ಹರಿದಾಡಿದರೂ ಸೈರನ್ ಕೂಗಬಹುದು. ಆಗಾಗ ಒಣ ಬಟ್ಟೆಯಿಂದ ಒರೆಸಿ, ಜೇಡರ ಬಲೆ ತೆಗೆಯಿರಿ.

ಗೋಡೆಗೆ ಸ್ಕ್ರೂ ಹೊಡೆಯುವ ಮೊದಲೇ ಸೆನ್ಸರಿಗೆ ಬ್ಯಾಟರಿ ಹಾಕಿ, ಪ್ಯಾನೆಲ್ ಅಥವಾ ಆ್ಯಪ್‌ನಲ್ಲಿ ಅದನ್ನು ಸೇರಿಸಿಕೊಳ್ಳಿ. "ಜೋನ್ 3" ಎಂದು ಬಿಡದೆ "ಹಾಲ್", "ಹಿಂಬಾಗಿಲು" ಎಂದು ಹೆಸರಿಡಿ. ರಾತ್ರಿ ಸೈರನ್ ಕೂಗಿದಾಗ ಸಂಖ್ಯೆ ನೆನಪಾಗುವುದಿಲ್ಲ. ಆಮೇಲೆ ಅಂದುಕೊಂಡ ಜಾಗದಲ್ಲಿ ಸಂಕೇತ ಸರಿಯಾಗಿ ಸಿಗುತ್ತದೆಯೇ ನೋಡಿ, ಅನಂತರ ಡ್ರಿಲ್ ಹಿಡಿಯಿರಿ.

ನಮ್ಮ ಅತ್ತೆಗೆ ರಾತ್ರಿ ಎರಡು ಸಲವಾದರೂ ಬಚ್ಚಲಿಗೆ ಹೋಗುವ ಅಭ್ಯಾಸ. ಇಂಥ ಮನೆಗಳಲ್ಲಿ 'ಸ್ಟೇ' ಮತ್ತು 'ಅವೇ' ಎಂಬ ಎರಡು ಸ್ಥಿತಿಗಳನ್ನು ಸರಿಯಾಗಿ ಹೊಂದಿಸಲೇಬೇಕು. 'ಸ್ಟೇ'ಯಲ್ಲಿ ಒಳಗಿನ ಸೆನ್ಸರ್ ಸುಮ್ಮನಿದ್ದು ಬಾಗಿಲಿನವು ಮಾತ್ರ ಕಾಯಲಿ. ಎಲ್ಲರೂ ಹೊರಗೆ ಹೋದಾಗ 'ಅವೇ'. ಬಾಗಿಲು ತೆರೆದು ಕೋಡ್ ಒತ್ತಲು ಸಿಗುವ ಸಮಯವನ್ನು ನಮ್ಮ ಚುರುಕಿಗೆ ಅಳೆಯಬೇಡಿ, ಮನೆಯ ಹಿರಿಯರ ನಡಿಗೆಗೆ ಅಳೆಯಿರಿ. ಕೆಲಸದವರಿಗೆ ಬೇರೆ ಕೋಡ್ ಕೊಡಿ. ಸುಮ್ಮಸುಮ್ಮನೆ ಕೂಗುವ ಅಲಾರಂ "ತೋಳ ಬಂತು ತೋಳ" ಕಥೆಯಂತಾಗುತ್ತದೆ. ನೆರೆಯವರು ಕಿವಿಗೊಡುವುದಿಲ್ಲ, ನಾವೂ ಬೇಸತ್ತು ಆರಿಸಿಬಿಡುತ್ತೇವೆ.

ಈಗ ಮುಖ್ಯ ವಿಷಯ. ಮೇ ತಿಂಗಳಲ್ಲಿ ಇಲ್ಲಿ ಹೊರಗಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಮನೆಯೊಳಗಿನ ಗೋಡೆ, ನೆಲ ಕಾದು ಮನುಷ್ಯನ ಮೈಶಾಖದ ಹತ್ತಿರ ಬರುತ್ತವೆ. ಆಗ ಸೆನ್ಸರಿಗೆ ಮೈಯೂ ಗೋಡೆಯೂ ಒಂದೇ ತರಹ. ಅದರ ಕಣ್ಣು ಮಂದವಾಗುತ್ತದೆ. ನಾವು ಬೀಗ ಹಾಕಿ ಊರಿಗೆ ಹೋಗುವುದೂ ಅದೇ ದಿನಗಳಲ್ಲಿ! ಆದ್ದರಿಂದ ಕೊಳ್ಳುವಾಗಲೇ 'ಟೆಂಪರೇಚರ್ ಕಾಂಪನ್ಸೇಶನ್' ಇದೆಯೇ ಎಂದು ಕೇಳಿ. ಇದನ್ನೊಂದನ್ನೇ ನೆಚ್ಚಿ ಕೂರಬೇಡಿ. ಬಾಗಿಲು, ಕಿಟಕಿಗಳಿಗೆ ಮ್ಯಾಗ್ನೆಟ್ ಸೆನ್ಸರ್ ಹಾಕಿಸಿ. ಅದಕ್ಕೆ ಬಿಸಿಲಿನ ಹಂಗಿಲ್ಲ.

ಪರೀಕ್ಷೆಯನ್ನೂ ತಂಪು ಹೊತ್ತಿನಲ್ಲಿ ಮಾಡಬೇಡಿ. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಎಸಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕೋಣೆ ಕಾದ ಮೇಲೆ 'ವಾಕ್ ಟೆಸ್ಟ್' ಹಾಕಿ ಮೂಲೆಮೂಲೆಗೂ ನಡೆಯಿರಿ. ಬ್ಯಾಟರಿ ಉಳಿಸಲು ಹಲವು ಸೆನ್ಸರ್‌ಗಳು ಒಮ್ಮೆ ಸುದ್ದಿ ಕೊಟ್ಟ ಮೇಲೆ ಕೆಲವು ನಿಮಿಷ ಸುಮ್ಮನಾಗುತ್ತವೆ. ಕೆಟ್ಟಿದೆ ಎಂದು ತಿಳಿಯಬೇಡಿ. ಟೆಸ್ಟ್ ಸ್ಥಿತಿ ಇಲ್ಲದಿದ್ದರೆ ಹೊರಗೆ ಬಂದು ಸ್ವಲ್ಪ ಕಾದು ಮತ್ತೆ ನಡೆಯಿರಿ. ಊರಿಗೆ ಹೊರಡುವ ವಾರ ಬ್ಯಾಟರಿ ನೋಡಿ. ಕರೆಂಟ್ ಹೋದಾಗಲೂ ಮೊಬೈಲಿಗೆ ಸುದ್ದಿ ಬರಬೇಕೆಂದರೆ ವೈಫೈ ರೌಟರ್ ಇನ್ವರ್ಟರ್ ಮೇಲಿರಲಿ.

ಕೊನೆಯದಾಗಿ, ಅಲಾರಂ ಕಳ್ಳನನ್ನು ಹಿಡಿಯುವುದಿಲ್ಲ, ಕೂಗಿ ಹೇಳುತ್ತದೆ ಅಷ್ಟೆ. ಕೇಳಿಸಿಕೊಳ್ಳಲು ಜನ ಬೇಕು. ಪಕ್ಕದ ಮನೆಯವರಿಗೆ, ವಾಚ್‌ಮನ್‌ಗೆ ಮೊದಲೇ ಹೇಳಿಡಿ. ಸೈರನ್ ಕೇಳಿಸಿದರೆ ಯಾರೂ ಒಬ್ಬರೇ ಒಳಗೆ ನುಗ್ಗುವುದು ಬೇಡ. ಹೊರಗೇ ನಿಂತು 112ಕ್ಕೆ ಫೋನ್ ಮಾಡಿ. ಒಂದೇ ಬಡಾವಣೆಯಲ್ಲಿರುವ ನಾವು ಈ ರಜೆಗೆ ಯಾರು ಊರಿಗೆ, ಯಾರು ಇಲ್ಲೇ ಎಂದು ನಮ್ಮ ನಮ್ಮಲ್ಲೇ ಮಾತಾಡಿಕೊಳ್ಳೋಣ. ಬಾಗಿಲಿಗೆ ಬೀಗ ಹಾಕುವ ಮುಂಚೆ ಪಕ್ಕದ ಅಕ್ಕನಿಗೆ ಒಂದು ಮಾತು ಹೇಳಿ ಹೋಗೋಣ.

ಡ್ರಿಲ್ ಬೇಕಾದವರು ನನ್ನನ್ನು ಕೇಳಿ, ಕೊಡುತ್ತೇನೆ. ಬೇಕಿದ್ದರೆ ಸ್ಟೂಲ್ ಹಿಡಿದುಕೊಳ್ಳಲು ನಾನೂ ಬರುತ್ತೇನೆ.