ಬೆಟ್ಟದ ರಾಜಧಾನಿಯಲ್ಲಿ ಒಂದು ಕೋಣೆ

(ಮಾಯಕೊಂಡದಲ್ಲಿ ವಿದ್ಯಾರ್ಥಿಗಳು ಹಾಗೂ ಮಲೆನಾಡಿನಿಂದ ಬಂದ ಗ್ರಾಮಸ್ಥರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಅತಿಥಿಗೃಹವು ಪರಿಸರದ ವೇದಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಕಾಡು, ಗಣಿ, ಅಣೆಕಟ್ಟುಗಳ ವಿಚಾರ ಮಾತನಾಡಿ ರೂಢಿಯಾದ ನಮಗೆ ಹಾಸಿಗೆ, ಬಿಸಿನೀರು, ಬೆಳಗಿನ ಕಾಫಿ ಇವೆಲ್ಲ ಸಣ್ಣ ಸಂಗತಿಗಳಾಗಿ ತೋರುತ್ತವೆ. ಆದರೆ ಗಣಿಗೆ ಒಬ್ಬ ಮಾಲೀಕನಿರುತ್ತಾನೆ, ಅಣೆಕಟ್ಟಿಗೆ ಒಂದು ಇಲಾಖೆಯಿರುತ್ತದೆ. ಅವರನ್ನು ಪ್ರಶ್ನಿಸಬಹುದು, ಅವರ ಮೇಲೆ ಮೊಕದ್ದಮೆ ಹೂಡಬಹುದು. ಎರಡು ದಿನ ಇದ್ದು ಹೋಗುವ ಅತಿಥಿಯನ್ನು ಪ್ರಶ್ನಿಸುವವರು ಯಾರು? ಅವನು ಬಳಸಿದ ನೀರು, ಬಿಟ್ಟುಹೋದ ಕಸ, ಅವನ ಕೋಣೆಗಾಗಿ ಕಡಿದ ಇಳಿಜಾರು, ಇವುಗಳ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ. ಆ ಲೆಕ್ಕವನ್ನು ಅತಿಥಿಯೂ ಆತಿಥೇಯನೂ ಕೂಡಿಯೇ ಬರೆಯಬೇಕೆಂಬುದು ನನ್ನ ಇಂದಿನ ಮಾತಿನ ಸಾರ.

ಮಾಯಕೊಂಡದವರಿಗೆ ಬೆಟ್ಟದ ರಾಜಧಾನಿ ಅಪರಿಚಿತವಲ್ಲ. 1748ರಲ್ಲಿ ಇದೇ ಮಾಯಕೊಂಡದ ಯುದ್ಧದಲ್ಲಿ ಚಿತ್ರದುರ್ಗದ ಮದಕರಿನಾಯಕ ಮಡಿದನು. ಹೈದರನೊಡನೆ ಹೋರಾಡಿದ ಕಡೆಯ ಮದಕರಿಯಲ್ಲ, ಅವನಿಗಿಂತ ಹಿಂದಿನ ನಾಯಕ. ಅವರ ರಾಜಧಾನಿ ಕಲ್ಲುಬೆಟ್ಟಗಳ ನಡುವೆ ಇತ್ತು. ಶತ್ರುವಿನಿಂದ ರಕ್ಷಣೆ ಬೇಕೆಂದು ಅರಸರು ಬೆಟ್ಟ ಹತ್ತುತ್ತಿದ್ದರು. ಹತ್ತಿದ ಮೇಲೆ ಅವರನ್ನು ಎದುರುಗೊಳ್ಳುತ್ತಿದ್ದುದು ನೀರಿನ ಚಿಂತೆ. ಚಿತ್ರದುರ್ಗದ ಕೋಟೆಯನ್ನು ನೋಡಿದವರು ಗೋಪಾಲಸ್ವಾಮಿ ಹೊಂಡವನ್ನೂ ಅಕ್ಕ-ತಂಗಿ ಹೊಂಡವನ್ನೂ ನೋಡಿರುತ್ತೀರಿ. ಮೇಲಿನ ಹೊಂಡ ತುಂಬಿದ ಮಳೆನೀರು ಕೆಳಗಿನದಕ್ಕೆ ಇಳಿದು, ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳವರೆಗೆ ಸಾಗುವಂತೆ ಅಲ್ಲಿ ವ್ಯವಸ್ಥೆ ಮಾಡಿದ್ದರು. ಬೆಟ್ಟದ ಮೇಲೆ ಬದುಕುವವನು ಹನಿಯನ್ನು ಎಣಿಸಿಯೇ ಬದುಕಬೇಕೆಂಬ ಪಾಠ ಆ ಕಲ್ಲುಗಳಲ್ಲಿದೆ. ಬೆಟ್ಟದ ನಗರಕ್ಕೆ ಬರುವ ಅತಿಥಿಗೂ ಆ ಪಾಠ ಅನ್ವಯಿಸುತ್ತದೆ.

ಈಗ ತಮ್ಮನ್ನು ಸ್ವಲ್ಪ ದೂರ, ಆಫ್ರಿಕಾ ಖಂಡದ ಮಧ್ಯಭಾಗಕ್ಕೆ ಕರೆದೊಯ್ಯುತ್ತೇನೆ. ರುವಾಂಡಾ ಎಂಬ ಪುಟ್ಟ ದೇಶವನ್ನು ಸಾವಿರ ಬೆಟ್ಟಗಳ ನಾಡೆಂದು ಕರೆಯುತ್ತಾರೆ. ಅದರ ರಾಜಧಾನಿ ಕಿಗಾಲಿ. 1907ರಲ್ಲಿ ಜರ್ಮನರ ಆಡಳಿತದ ಠಾಣೆಯಾಗಿ ಹುಟ್ಟಿದ ಊರು, 1962ರಲ್ಲಿ ದೇಶ ಸ್ವತಂತ್ರವಾದಾಗ ರಾಜಧಾನಿಯಾಯಿತು. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ, ಅನೇಕ ಬೆಟ್ಟಸಾಲುಗಳ ಮೇಲೂ ಅವುಗಳ ನಡುವಣ ಕಣಿವೆಗಳಲ್ಲೂ ಹರಡಿಕೊಂಡಿದೆ. ಅಲ್ಲಿನ ಸಣ್ಣ ಅತಿಥಿಗೃಹವೆಂದರೆ ಸಾಮಾನ್ಯವಾಗಿ ಇಳಿಜಾರಿನ ಒಂದು ಮನೆ, ನಾಲ್ಕಾರು ಕೋಣೆ, ಒಂದು ಅಂಗಳ. ಎದುರು ಬೆಟ್ಟದ ಮನೆಗಳ ದೀಪಗಳು ರಾತ್ರಿ ಕಾಣುತ್ತವೆ. ಪೇಟೆಗೆ ಹೋಗಬೇಕಾದರೆ ಒಂದು ಬೆಟ್ಟ ಇಳಿದು ಇನ್ನೊಂದನ್ನು ಹತ್ತಬೇಕು. ಮೋಟಾರು ಸೈಕಲ್ಲಿನ ಸವಾರರು ಹಿಂದೆ ಕೂರುವವರಿಗೂ ಶಿರಸ್ತ್ರಾಣ ಕೊಟ್ಟು ಕರೆದೊಯ್ಯುತ್ತಾರೆ. ಊಟಕ್ಕೆ ಬೇಯಿಸಿದ ಬಾಳೆಕಾಯಿ, ಹುರುಳಿಕಾಯಿ ಜಾತಿಯ ಕಾಳು. ಕುಡಿಯಲು ಅಲ್ಲೇ ಬೆಳೆದ ಕಾಫಿ ಅಥವಾ ಚಹಾ. ಕೊಡಗಿನವರಿಗೆ ಪರವೂರೆಂದು ತೋರದಂಥ ಊರು.

ಆ ಊರಿಗೆ ಬರುವ ಅತಿಥಿ ಮೊದಲು ಕಲಿಯುವ ಸಂಗತಿಯೆಂದರೆ, ತಾನು ತಂದ ಪ್ಲಾಸ್ಟಿಕ್ ಚೀಲ ಅಲ್ಲಿ ನಡೆಯುವುದಿಲ್ಲ ಎಂಬುದು. 2008ರಲ್ಲಿಯೇ ರುವಾಂಡಾ ಅಂಥ ಚೀಲಗಳನ್ನು ನಿಷೇಧಿಸಿತು. 2019ರಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಮೇಲೂ ಕಾನೂನು ತಂದಿತು. ನಿಯಮವು ಅತಿಥಿಗೆ ಮತ್ತು ಊರಿನವರಿಗೆ ಬೇರೆಬೇರೆ ಇಲ್ಲ. ಎರಡನೆಯದಾಗಿ, ಪ್ರತಿ ತಿಂಗಳ ಕಡೆಯ ಶನಿವಾರ ಬೆಳಿಗ್ಗೆ ಅಂಗಡಿಗಳು ಮುಚ್ಚಿರುತ್ತವೆ, ರಸ್ತೆಗಳು ಖಾಲಿಯಾಗಿರುತ್ತವೆ. ಅಂದು 'ಉಮುಗಾಂಡಾ'. ಜನರು ತಮ್ಮ ತಮ್ಮ ಬಡಾವಣೆಯಲ್ಲಿ ಸೇರಿ ಚರಂಡಿ ತೆಗೆಯುವುದು, ಗಿಡ ನೆಡುವುದು, ಕುಸಿದ ದಾರಿ ಸರಿಪಡಿಸುವುದು ಮೊದಲಾದ ಕೆಲಸ ಮಾಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಮಳೆಗಾಲಕ್ಕೆ ಮುನ್ನ ಊರೊಟ್ಟಿನಿಂದ ಕೆರೆಯ ಹೂಳು ತೆಗೆಯುತ್ತಿದ್ದುದನ್ನು ಇದು ನೆನಪಿಸುತ್ತದೆ. ಮೂರನೆಯದಾಗಿ, ನೀರು. ನಗರದ ನೀರಿನ ಬಹುಭಾಗ ಕೆಳಗಿನ ನ್ಯಾಬರೊಂಗೊ ನದಿಯ ಬಳಿ ಶುದ್ಧಿಯಾಗಿ ಬೆಟ್ಟದ ಮೇಲಕ್ಕೆ ಏರಬೇಕು. ನಲ್ಲಿ ಬತ್ತಿದ ದಿನ ಹಳದಿ ಬಣ್ಣದ ಡಬ್ಬಗಳನ್ನು ಹೊತ್ತು ಹೆಂಗಸರೂ ಮಕ್ಕಳೂ ಏರು ಹತ್ತುವುದು ಅಂಗಳದಿಂದಲೇ ಕಾಣುತ್ತದೆ. ದೊಡ್ಡ ಹೋಟೆಲಿನ ಹತ್ತನೆಯ ಮಹಡಿಯಲ್ಲಿ ಇಳಿದವನಿಗೆ ಇದು ಕಾಣುವುದಿಲ್ಲ. ಸಣ್ಣ ಅತಿಥಿಗೃಹದ ಮೊದಲ ಗುಣ ಇದೇ: ಅಲ್ಲಿ ಊರು ಅತಿಥಿಗೆ ಕಾಣುತ್ತದೆ, ಅತಿಥಿ ಊರಿಗೆ ಕಾಣುತ್ತಾನೆ.

ಹಾಗೆಂದು ಕಿಗಾಲಿಯನ್ನು ಸ್ವರ್ಗವೆಂದು ತಿಳಿಯಬೇಕಾಗಿಲ್ಲ. ಉಮುಗಾಂಡಾಕ್ಕೆ ಬಾರದವರಿಗೆ ದಂಡವಿದೆ. ಸ್ವಇಚ್ಛೆಯ ಶ್ರಮದಾನಕ್ಕೂ ಆಜ್ಞೆಯ ದುಡಿಮೆಗೂ ನಡುವೆ ಗೆರೆ ಎಲ್ಲಿದೆಯೆಂಬ ಪ್ರಶ್ನೆ ಅಲ್ಲಿ ಉಳಿದಿದೆ. ಅಪಾಯದ ಇಳಿಜಾರು, ಜೌಗುಭೂಮಿಗಳಿಂದ ಜನರನ್ನು ತೆರವುಗೊಳಿಸುವಾಗ ಮೊದಲು ಎದ್ದುಹೋದವರು ಬಡವರೇ. ಪರಿಹಾರ ಸಾಲದೆಂದು ಕೆಲವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಇಷ್ಟೆಲ್ಲ ಎಚ್ಚರವಿದ್ದ ದೇಶದಲ್ಲಿಯೂ 2023ರ ಮೇ ತಿಂಗಳಿನಲ್ಲಿ ಪಶ್ಚಿಮ ಮತ್ತು ಉತ್ತರ ಭಾಗದಲ್ಲಿ ನೆರೆ, ಭೂಕುಸಿತಗಳಿಂದ 130ಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ಲೆಕ್ಕ ಅಷ್ಟು ಕಠಿಣ.

ಮಿತ್ರರೇ, ಬೆಟ್ಟದ ರಾಜಧಾನಿಯನ್ನು ನೋಡಲು ಆಫ್ರಿಕಾದವರೆಗೆ ಹೋಗಬೇಕಾಗಿಲ್ಲ. ನಮ್ಮ ಮಡಿಕೇರಿಯೂ ಒಂದು ರಾಜಧಾನಿ. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ತನ್ನ ರಾಜಧಾನಿಯನ್ನು ಹಾಲೇರಿಯಿಂದ ಅಲ್ಲಿಗೆ ಸಾಗಿಸಿದನು. 1834ರಲ್ಲಿ ಬ್ರಿಟಿಷರು ಕೊಡಗನ್ನು ಕಿತ್ತುಕೊಂಡ ಮೇಲೂ ಮಡಿಕೇರಿಯೇ ಆಡಳಿತದ ಕೇಂದ್ರವಾಗಿತ್ತು. ಸ್ವಾತಂತ್ರ್ಯಾನಂತರ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರಿನಲ್ಲಿ ಸೇರುವವರೆಗೆ ಮಡಿಕೇರಿ ಆ ರಾಜ್ಯದ ರಾಜಧಾನಿಯಾಗಿತ್ತು. ಅದಕ್ಕೂ ನೀರು ಕೆಳಗಿನಿಂದಲೇ ಬರಬೇಕು. ಕೂಟುಹೊಳೆಯ ನೀರನ್ನು ಮೇಲೆತ್ತಿ ಊರಿಗೆ ಕೊಡುತ್ತಾರೆ.

ಕೊಡಗಿನ ಮನೆಗಳು ಅತಿಥಿಗೃಹಗಳಾದುದಕ್ಕೂ ಒಂದು ಚರಿತ್ರೆಯಿದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಪಾಲು ಹಂಚಿಕೆಯ ವ್ಯವಸ್ಥೆ ಮುರಿದುಬಿತ್ತು. ಜಗತ್ತಿನ ಕಾಫಿ ಬೆಲೆ ಕುಸಿಯಿತು. ಕಾಫಿಯನ್ನೇ ನಂಬಿದ್ದ ರುವಾಂಡಾದ ಸಣ್ಣ ರೈತರಿಗೆ ಅದು ದೊಡ್ಡ ಪೆಟ್ಟಾಯಿತು. ಮತ್ತೆ 2001-02ರ ಸುಮಾರಿಗೆ ಬೆಲೆ ಪಾತಾಳಕ್ಕಿಳಿದಾಗ ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರೂ ತತ್ತರಿಸಿದರು. ಕೂಲಿ, ಗೊಬ್ಬರಗಳ ಖರ್ಚು ಹುಟ್ಟದಾದಾಗ ಮನೆಯ ಖಾಲಿ ಕೋಣೆಗಳನ್ನು ಬಾಡಿಗೆಗೆ ಕೊಡುವ ಪದ್ಧತಿ ಬೆಳೆಯಿತು. ಆದುದರಿಂದ ಹೋಂಸ್ಟೇ ಎಂದ ಕೂಡಲೇ ದುರಾಸೆ ಎನ್ನುವುದು ನ್ಯಾಯವಲ್ಲ. ತೋಟವನ್ನು ಮಾರಿ ಊರು ಬಿಡಬೇಕಾಗಿದ್ದ ಎಷ್ಟೋ ಕುಟುಂಬಗಳು ಆ ಎರಡು ಕೋಣೆಗಳ ಬಾಡಿಗೆಯಿಂದ ಉಳಿದುಕೊಂಡಿವೆ. ತೋಟ ಉಳಿದರೆ ನೆರಳಿನ ಮರಗಳೂ ಉಳಿಯುತ್ತವೆ.

ಆದರೆ ಇದ್ದ ಕೋಣೆಯನ್ನು ಬಿಟ್ಟುಕೊಡುವುದು ಬೇರೆ, ಕೋಣೆಗಾಗಿ ಬೆಟ್ಟವನ್ನು ಕಡಿಯುವುದು ಬೇರೆ. ಇಳಿಜಾರಿನ ಬುಡವನ್ನು ಯಂತ್ರದಿಂದ ನೇರಕ್ಕೆ ಕತ್ತರಿಸಿದರೆ ಮೇಲಿನ ಮಣ್ಣಿಗೆ ಇದ್ದ ಆಧಾರ ತಪ್ಪುತ್ತದೆ. ಹುಲ್ಲಿನ ಬಣವೆಯ ಬುಡದಿಂದಲೇ ಮೇವು ಹಿರಿಯುತ್ತ ಹೋದರೆ ಒಂದು ದಿನ ಬಣವೆಯೇ ಮೈಮೇಲೆ ಬೀಳುವುದನ್ನು ಇಲ್ಲಿಯ ರೈತರು ಬಲ್ಲರು. ಕತ್ತರಿಸಿದ ಜಾಗದ ಮೇಲ್ಗಡೆ ಇಂಗುಗುಂಡಿ ತೋಡಿ ಬಚ್ಚಲ ನೀರು ಬಿಟ್ಟರೆ, ಮಳೆಗೆ ಮುಂಚೆಯೇ ಮಣ್ಣು ನೆನೆದು ಭಾರವಾಗಿರುತ್ತದೆ. ಹಳೆಯ ಝರಿಯ ದಾರಿಗೆ ಅಡ್ಡಲಾಗಿ ಗೋಡೆ ಕಟ್ಟಿದರೆ ನೀರು ಹೊಸ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ.

2018ರ ಆಗಸ್ಟಿನಲ್ಲಿ ಕೊಡಗು ಇದನ್ನು ಅನುಭವಿಸಿತು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲಗಳಲ್ಲಿ ಬೆಟ್ಟಗಳು ಜಾರಿದವು. ಮಡಿಕೇರಿ ನಗರದಲ್ಲಿಯೇ ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರಗಳ ಇಳಿಜಾರಿನ ಮನೆಗಳು ಕುಸಿದವು. ಸಾವಿರಾರು ಜನ ಪರಿಹಾರ ಕೇಂದ್ರಗಳನ್ನು ಸೇರಿದರು. ಪ್ರವಾಸಿಗರಿಗೆ ಕೋಣೆ ಕೊಡಬಾರದೆಂದು ಆ ತಿಂಗಳು ಜಿಲ್ಲಾಡಳಿತವೇ ಆದೇಶಿಸಬೇಕಾಯಿತು. ಅತಿವೃಷ್ಟಿ ಮುಖ್ಯ ಕಾರಣವಾಗಿದ್ದರೂ, ಇಳಿಜಾರುಗಳನ್ನು ಕಡಿದು ಮಾರ್ಪಡಿಸಿದುದು ಮತ್ತು ನೀರು ಹರಿದುಹೋಗಲು ಸರಿಯಾದ ದಾರಿ ಇಲ್ಲದುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಎತ್ತಿ ತೋರಿಸಿದರು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜಾರಿದ ಮನೆಗಳಲ್ಲಿ ಬಹಳಷ್ಟು ಅತಿಥಿಗೃಹಗಳಲ್ಲ. ಕೂಲಿಕಾರರ, ಸಣ್ಣ ರೈತರ ಮನೆಗಳು. ಮೇಲಿನ ಜಾಗವನ್ನು ಕಡಿದವನೊಬ್ಬ, ಕೆಳಗೆ ಮಲಗಿದ್ದವನು ಇನ್ನೊಬ್ಬ. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ 200ಕ್ಕೂ ಹೆಚ್ಚು ಜನರು ಮಲಗಿದ್ದಲ್ಲಿಯೇ ಮಣ್ಣುಪಾಲಾದಾಗಲೂ ತೋಟದ ಕೂಲಿಕಾರರ ಕುಟುಂಬಗಳೇ ಹೆಚ್ಚು ನೊಂದವು.

ಹಾಗಾದರೆ ಸಣ್ಣದೇ ಮೇಲು ಎಂಬ ಮಾತಿಗೆ ಅರ್ಥವೇನು? ಕೇಂದ್ರ ಸರ್ಕಾರದ ಹೋಂಸ್ಟೇ ಯೋಜನೆಯಲ್ಲಿ ಮನೆಯ ಒಡೆಯರು ಅಲ್ಲಿಯೇ ವಾಸಿಸಬೇಕು, ಕೋಣೆಗಳು 6ನ್ನು, ಹಾಸಿಗೆಗಳು 12ನ್ನು ಮೀರಬಾರದು ಎಂದಿದೆ. ನಿಯಮ ಒಳ್ಳೆಯದೇ. ಆದರೂ ಲೆಕ್ಕ ಹಾಕಿ ನೋಡಿ. ನಗರದವನಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರದ ಮಾನದಂಡ. ಹಳ್ಳಿಯವನಿಗೆ ಜಲಜೀವನ ಯೋಜನೆಯಲ್ಲಿ ಗೊತ್ತುಪಡಿಸಿರುವುದು 55 ಲೀಟರ್. ನಗರದಿಂದ ಬಂದ 12 ಜನ ಅತಿಥಿಗಳು ಊರಿನ ಅಭ್ಯಾಸವನ್ನೇ ಮುಂದುವರಿಸಿದರೆ ದಿನಕ್ಕೆ 1,620 ಲೀಟರ್ ಬೇಕು. ಅದು ಹಳ್ಳಿಯ 29 ಜನರ ಒಂದು ದಿನದ ನೀರು. ಅದೂ ಅತಿಥಿಗಳು ಹೆಚ್ಚಾಗಿ ಬರುವುದು ಬೇಸಿಗೆಯ ರಜೆಯಲ್ಲಿ, ಝರಿ ಸಣ್ಣಗಾದಾಗ. ಒಂದು ಬೆಟ್ಟಕ್ಕೆ ಒಂದು ಸಣ್ಣ ಮನೆಯಾದರೆ ಝರಿ ತಾಳೀತು. ಅದೇ ಬೆಟ್ಟಕ್ಕೆ ಅಂಥ ಐವತ್ತು ಸಣ್ಣ ಮನೆಗಳಾದರೆ ಅದು ದೊಡ್ಡ ಹೋಟೆಲೇ. ಹೆಸರು ಮಾತ್ರ ಬೇರೆ. ಆದುದರಿಂದ ಮಿತಿಯನ್ನು ಮನೆಗೆ ಗೊತ್ತುಮಾಡಿದರೆ ಸಾಲದು, ಬೆಟ್ಟಕ್ಕೂ ಗೊತ್ತುಮಾಡಬೇಕು.

ಈ ಮಾತನ್ನು ಬಯಲುಸೀಮೆಯ ಮಾಯಕೊಂಡದಲ್ಲಿ ಆಡುವುದಕ್ಕೆ ಕಾರಣವಿದೆ. ಭದ್ರೆ ಗಂಗಾಮೂಲದಲ್ಲಿ ಹುಟ್ಟಿ, ಕಳಸ, ಬಾಳೆಹೊನ್ನೂರುಗಳನ್ನು ಹಾದು ಲಕ್ಕವಳ್ಳಿಯ ಜಲಾಶಯ ಸೇರುತ್ತಾಳೆ. ಅಲ್ಲಿಂದ ನಾಲೆಯಲ್ಲಿ ಬಂದ ನೀರಿನಿಂದ ದಾವಣಗೆರೆ ಸೀಮೆಯ ಭತ್ತದ ಗದ್ದೆಗಳು ಹಸಿರಾಗಿವೆ. ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ಮುಂದೆ ಹರಿದು ಹರಿಹರವನ್ನು ಮುಟ್ಟುತ್ತಾಳೆ. ಹೀಗೆ ನಾವು ಬಯಲಿನವರು ವರ್ಷವಿಡೀ ಮನೆಯಲ್ಲಿ ಕುಳಿತೇ ಬೆಟ್ಟದ ಅತಿಥಿಗಳು. ರಜೆ ಬಂದಾಗ ವಾಹನ ಹತ್ತಿ ಕಳಸಕ್ಕೋ ಚಿಕ್ಕಮಗಳೂರಿಗೋ ಹೋಗುವುದು ಎರಡನೆಯ ಸಲದ ಆತಿಥ್ಯ. ಅಲ್ಲಿ ಹೊಳೆಗೆ ಎಸೆದ ಬಾಟಲಿ, ಜಾರಿದ ಮಣ್ಣು, ಕಡೆಗೆ ನಮ್ಮ ನಾಲೆಗೇ ಬರಬೇಕು.

ವಿದ್ಯಾರ್ಥಿ ಮಿತ್ರರೇ, ಬೆಟ್ಟಕ್ಕೆ ಹೋಗಬೇಡಿರೆಂದು ನಾನು ಹೇಳುತ್ತಿಲ್ಲ, ಹೋಗಿರಿ. ಆದರೆ ಕೋಣೆಯ ಬಾಡಿಗೆ ಕೇಳುವಾಗ ಇನ್ನೂ ನಾಲ್ಕು ಮಾತು ಕೇಳಿರಿ. ಈ ಮನೆಯವರು ಇಲ್ಲಿಯೇ ಇದ್ದಾರೆಯೇ? ನೀರು ಎಲ್ಲಿಂದ ಬರುತ್ತದೆ, ಚೈತ್ರದಲ್ಲಿಯೂ ಬರುತ್ತದೆಯೇ? ಬಚ್ಚಲ ನೀರು, ಕಸ ಎಲ್ಲಿಗೆ ಹೋಗುತ್ತವೆ? ಮನೆಯ ಹಿಂದಿನ ಬೆಟ್ಟ ಮೊದಲಿನಂತೆಯೇ ಇದೆಯೇ, ಕಡಿದದ್ದೇ? ಇವಕ್ಕೆ ನೇರವಾಗಿ ಉತ್ತರ ಕೊಡುವ ಮನೆಯಲ್ಲಿ ಇಳಿದುಕೊಳ್ಳಿರಿ. ಅಂಥ ಮನೆಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಕೆಟ್ಟು ನೀರಿನಲ್ಲಿ ಸ್ನಾನ ಮಾಡುವುದು ನಮ್ಮ ಊರಿನ ರೂಢಿಯೇ. ಬೆಟ್ಟಕ್ಕೆ ಹೋದಾಗ ಅದನ್ನು ಮರೆಯದಿದ್ದರೆ ಸಾಕು. ಪೇಟೆಯಿಂದ ಒಯ್ದ ಪ್ಲಾಸ್ಟಿಕ್ಕನ್ನು ಪೇಟೆಗೇ ಮರಳಿ ತನ್ನಿರಿ.

ಮಲೆನಾಡಿನ ಹಿರಿಯರಲ್ಲಿಯೂ ಒಂದು ವಿನಂತಿ. ತಮ್ಮ ಗ್ರಾಮಸಭೆಯಲ್ಲಿ ಊರಿನ ಝರಿಗಳ ಪಟ್ಟಿ ಮಾಡಿರಿ. ಬೇಸಿಗೆಯಲ್ಲಿ ಯಾವುದು ಎಷ್ಟು ನೀರು ಕೊಡುತ್ತದೆಂದು ಅಳೆದು ಬರೆದಿಡಿರಿ. ಊರಿನವರಿಗೂ ದನಕರುಗಳಿಗೂ ಗದ್ದೆಗೂ ತೆಗೆದಿಟ್ಟು ಉಳಿದ ನೀರಿಗೆ ಎಷ್ಟು ಹಾಸಿಗೆ ಎಂಬುದನ್ನು ಊರೇ ಸೇರಿ ತೀರ್ಮಾನಿಸಲಿ. ಆ ಸಭೆಯಲ್ಲಿ ಇಳಿಜಾರಿನ ಕೆಳಗೆ ಮನೆಯಿರುವವರ ಮಾತನ್ನು ಮೊದಲು ಕೇಳಲಿ. ಮೇಲೆ ಮಣ್ಣು ಅಗೆದಾಗ ಅಪಾಯ ಬರುವುದು ಅವರಿಗೆ. ಹೊರಗಿನ ಹಣವಂತರು ಬಂದು ಬೋರ್ಡು ಹಾಕುವ ಮುಂಚೆ ಈ ಕೆಲಸ ಆಗಬೇಕು. ಬೋರ್ಡು ಬಿದ್ದ ಮೇಲೆ ಗ್ರಾಮಸಭೆಯ ಧ್ವನಿ ಕ್ಷೀಣವಾಗುತ್ತದೆ.

ಅತಿಥಿಸತ್ಕಾರ ನಮ್ಮಲ್ಲಿ ಹಳೆಯ ಧರ್ಮ. ದಾರಿಹೋಕರಿಗೆ ಛತ್ರ ಕಟ್ಟಿಸಿದವರು ಪಕ್ಕದಲ್ಲಿ ಬಾವಿಯನ್ನೂ ತೋಡಿಸಿ, ಸಾಲುಮರವನ್ನೂ ನೆಡಿಸುತ್ತಿದ್ದರು. ಛತ್ರ, ಬಾವಿ, ಮರ ಮೂರೂ ಸೇರಿದರೆ ಅದು ಪುಣ್ಯದ ಕೆಲಸ. ಇಂದು ನಾವು ಛತ್ರವನ್ನು ಮಾತ್ರ ಉಳಿಸಿಕೊಂಡು ಉಳಿದೆರಡನ್ನು ಕೈಬಿಟ್ಟಿದ್ದೇವೆ. ಈ ಸಭೆ ಮುಗಿದ ಮೇಲೆ ಮಲೆನಾಡಿನವರೂ ಇಲ್ಲಿನ ವಿದ್ಯಾರ್ಥಿಗಳೂ ಕುಳಿತು, ಬರುವ ಬೇಸಿಗೆಯಲ್ಲಿ ಒಂದು ಹಳ್ಳಿಯ ಝರಿಗಳನ್ನಾದರೂ ಅಳೆಯುವ ಏರ್ಪಾಡು ಮಾಡಿಕೊಳ್ಳಿರಿ. ವಿದ್ಯಾರ್ಥಿಗಳು ಅಳೆಯಲು ಹೋಗಲಿ, ಹಳ್ಳಿಯವರು ತಂಗಲು ಜಾಗ ಕೊಡಲಿ. ಬೆಟ್ಟಕ್ಕೂ ಬಯಲಿಗೂ ಇರುವ ನಂಟು ಅಂಥ ಆತಿಥ್ಯದಿಂದ ಗಟ್ಟಿಯಾಗುತ್ತದೆ.