ಎರಡು ಗಂಟೆಗೊಮ್ಮೆ ಆರಿದ ಕಂಪ್ಯೂಟರ್

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಕಂಪ್ಯೂಟರ್ ಕ್ಷೇತ್ರದಲ್ಲಿ ಇರುವ ಅವಕಾಶಗಳು’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದರು. ಆ ವಿಷಯದ ಮೇಲೆ ಮಾತನಾಡಲು ನಮ್ಮ ಬ್ಯಾಚಿನಲ್ಲೇ ನನಗಿಂತ ಯೋಗ್ಯರಿದ್ದಾರೆ. ನಾನು ಬಸ್ ನಿಲ್ದಾಣದ ಎದುರು ಡಿಟಿಪಿ ಅಂಗಡಿ ಇಟ್ಟುಕೊಂಡವನು. ಲಗ್ನಪತ್ರಿಕೆ, ಅರ್ಜಿ, ಕರಪತ್ರ, ವರ್ಷಕ್ಕೊಂದೆರಡು ಪುಸ್ತಕ, ಇಷ್ಟೇ ನನ್ನ ಲೋಕ. ಆದ್ದರಿಂದ ನನಗೆ ಅನುಭವವಿರುವ ಒಂದೇ ಒಂದು ಸಂಗತಿಯನ್ನು ಹೇಳಲು ಅಪ್ಪಣೆ ಕೇಳಿ ಬಂದಿದ್ದೇನೆ. ಹೊಸ ಆಪರೇಟಿಂಗ್ ಸಿಸ್ಟಂ ಬಿಡುಗಡೆಯಾಗುವ ಮೊದಲು ಅದನ್ನು ಪರೀಕ್ಷೆಗೆಂದು ಜನರ ಕೈಗೆ ಕೊಡುತ್ತಾರಲ್ಲ, ಅದರ ವಿಷಯ.

ಆಪರೇಟಿಂಗ್ ಸಿಸ್ಟಂ ಎಂದರೆ ಮದುವೆಮನೆಯಲ್ಲಿ ಉಸ್ತುವಾರಿ ಹೊತ್ತ ಸೋದರಮಾವನಿದ್ದ ಹಾಗೆ. ಪುರೋಹಿತರಿಗೆ ಏನು ಬೇಕು, ಅಡುಗೆಯವರಿಗೆ ಎಷ್ಟು ಸೌದೆ, ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು, ಎಲ್ಲ ಅವನ ಮೂಲಕವೇ ಆಗಬೇಕು. ಅವನು ಎಡವಿದರೆ ಅಡುಗೆ ಎಷ್ಟೇ ಚೆನ್ನಾಗಿದ್ದರೂ ಮದುವೆ ಕೆಟ್ಟಿತು. ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಮುಂತಾದವು ಮಾಡುವುದು ಈ ಕೆಲಸವನ್ನೇ. ಕೀಲಿಮಣೆ, ಪರದೆ, ಪ್ರಿಂಟರ್, ನಾವು ಬಳಸುವ ತಂತ್ರಾಂಶಗಳು, ಎಲ್ಲಕ್ಕೂ ಅದೇ ಯಜಮಾನಿಕೆ.

ಇಂಥದ್ದನ್ನು ಬರೆಯಲು ಸಾವಿರಾರು ಎಂಜಿನಿಯರುಗಳು ವರ್ಷಗಟ್ಟಲೆ ದುಡಿಯುತ್ತಾರೆ. ಅವರು ಬರೆದದ್ದನ್ನೆಲ್ಲ ಆಗಾಗ ಒಟ್ಟುಗೂಡಿಸಿ, ನಡೆಯುವ ಒಂದು ಪೂರ್ಣ ರೂಪ ಕೊಡುತ್ತಾರೆ. ಅದಕ್ಕೆ ಬಿಲ್ಡ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ನಂಬರು. ವಿಂಡೋಸ್ 7ರ ಬೀಟಾ 7000, ರಿಲೀಸ್ ಕ್ಯಾಂಡಿಡೇಟ್ 7100, ಕೊನೆಗೆ ಮಾರುಕಟ್ಟೆಗೆ ಬಂದದ್ದು 7600. ಎಷ್ಟು ಎಂಜಿನಿಯರುಗಳಿದ್ದರೂ ಜಗತ್ತಿನಲ್ಲಿರುವ ಎಲ್ಲ ಬಗೆಯ ಪ್ರಿಂಟರು, ಎಲ್ಲ ಬಗೆಯ ಭಾಷೆ, ಎಲ್ಲ ಬಗೆಯ ಅವಸರದ ಮನುಷ್ಯರನ್ನು ಅವರು ತಮ್ಮ ಕಟ್ಟಡದೊಳಗೆ ಕಾಣಲಾರರು. ಅದಕ್ಕೇ ಸಾರಿನ ಒಂದು ಹನಿಯನ್ನು ಅಂಗೈಗೆ ಹಾಕಿ ಉಪ್ಪು ಖಾರ ನೋಡಿ ಎನ್ನುವ ಹಾಗೆ ನಮ್ಮಂಥವರಿಗೂ ಕೊಡುತ್ತಾರೆ.

2009ರಲ್ಲಿ ನಾನು ಮೊದಲ ಬಾರಿ ಹೀಗೆ ಕೈ ಒಡ್ಡಿದೆ. ಆ ವರ್ಷದ ಜನವರಿಯಲ್ಲಿ ವಿಂಡೋಸ್ 7ರ ಬೀಟಾ ಆವೃತ್ತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದೆಂದು ಬಂತು. ಅದರ ಪರದೆಯ ಮೇಲೆ ಒಂದು ಮೀನಿನ ಚಿತ್ರವಿತ್ತು. ಆ ಮೀನಿನ ಜಾತಿಯ ಹೆಸರು ಬೆಟ್ಟಾ, ಇದು ಬೀಟಾ. ಅವರೂ ಶ್ಲೇಷೆ ಬಲ್ಲವರೇ! ಮೇ ತಿಂಗಳಲ್ಲಿ ರಿಲೀಸ್ ಕ್ಯಾಂಡಿಡೇಟ್, ಅಂದರೆ ಬಿಡುಗಡೆಗೆ ಹೆಚ್ಚು ಕಡಿಮೆ ಸಿದ್ಧವಾದ ರೂಪ ಬಂತು. ಎರಡು ಜಿಬಿಗೂ ಹೆಚ್ಚು ಗಾತ್ರ. ಆಗ ನಮ್ಮ ಊರಿನ ಇಂಟರ್ನೆಟ್ ಹೇಗಿತ್ತೆಂದು ಹಿರಿಯರಿಗೆ ಗೊತ್ತು. ನಡುರಾತ್ರಿ ಎದ್ದು ಡೌನ್‌ಲೋಡ್ ಹಚ್ಚುವುದು, ಬೆಳಗಿನ ಹೊತ್ತಿಗೆ ಕರೆಂಟು ಹೋಗುವುದು, ಮತ್ತೆ ಮಾರನೆಯ ರಾತ್ರಿ. ನಾಲ್ಕು ರಾತ್ರಿ ನಿದ್ದೆಗೆಟ್ಟು ಇಳಿಸಿದೆ.

ಇಳಿಸಿ ಎಲ್ಲಿ ಹಾಕಿದೆ? ಇಲ್ಲಿಯೇ ನನ್ನ ಬುದ್ಧಿವಂತಿಕೆ ನೋಡಿ. ಅಂಗಡಿಯಲ್ಲಿದ್ದ ಒಂದೇ ಒಂದು ಕಂಪ್ಯೂಟರಿಗೆ ಹಾಕಿದೆ. ಹಳೆಯ ಎಕ್ಸ್‌ಪಿಗಿಂತ ನೋಡಲು ಚೆಂದ, ಕೆಲಸವೂ ಚುರುಕು, ಅದಕ್ಕಿಂತ ಮುಖ್ಯವಾಗಿ ಪುಕ್ಕಟೆ. ಪಕ್ಕದ ಅಂಗಡಿಯವರನ್ನೆಲ್ಲ ಕರೆದು ತೋರಿಸಿ ಬೀಗಿದೆ. ಪುಕ್ಕಟೆಗೆ ಒಂದು ಗಡುವು ಇತ್ತು. 2010ರ ಫೆಬ್ರವರಿ 15ರಿಂದ ಎಚ್ಚರಿಕೆ ಬರುತ್ತದೆ, ಮಾರ್ಚ್ 1ರಿಂದ ಕಂಪ್ಯೂಟರ್ ಎರಡು ಗಂಟೆಗೊಮ್ಮೆ ತಾನೇ ಆರುತ್ತದೆ, ಜೂನ್ 1ಕ್ಕೆ ಅವಧಿ ಪೂರ್ತಿ ಮುಗಿಯುತ್ತದೆ ಎಂದು ಅವರು ಮೊದಲೇ ಸ್ಪಷ್ಟವಾಗಿ ತಿಳಿಸಿದ್ದರು. ಪರೀಕ್ಷೆಗೆ ಕೊಟ್ಟದ್ದನ್ನು ಜನ ಖಾಯಂ ಆಗಿ ಇಟ್ಟುಕೊಳ್ಳಬಾರದೆಂದು ಈ ಏರ್ಪಾಡು. ನಾನು ಅದನ್ನು ಓದಿಯೂ ಇದ್ದೆ. ಇನ್ನೂ ಹತ್ತು ತಿಂಗಳಿದೆಯಲ್ಲ ಎಂದು ಮರೆತುಬಿಟ್ಟೆ.

ಆ ಚಳಿಗಾಲದಲ್ಲಿ ನಮ್ಮ ಕನ್ನಡ ಮೇಷ್ಟ್ರು ಅಂಗಡಿಗೆ ಬರತೊಡಗಿದರು. ನಿವೃತ್ತರಾಗಿ ವರ್ಷಗಳೇ ಆಗಿದ್ದವು. ಸುತ್ತಲಿನ ಹಳ್ಳಿಗಳ ಕೆರೆಗಳ ಬಗ್ಗೆ ಒಂದು ಪುಸ್ತಕ ಮಾಡಬೇಕೆಂದು ಅವರ ಆಸೆ. ಯಾವ ಕೆರೆಯನ್ನು ಯಾರು ಕಟ್ಟಿಸಿದರು, ಯಾವ ಮನೆತನದವರು ತೂಬು ನೋಡಿಕೊಳ್ಳುತ್ತಿದ್ದರು, ಕೋಡಿ ಬಿದ್ದಾಗ ಏನು ಪೂಜೆ, ಇವನ್ನೆಲ್ಲ ಸೈಕಲ್ಲಿನಲ್ಲಿ ತಿರುಗಿ ಕೇಳಿ ತಲೆಯಲ್ಲಿ ಇಟ್ಟುಕೊಂಡಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಬರೆಯಲು ಆಗುತ್ತಿರಲಿಲ್ಲ. ಅವರು ಹೇಳುವುದು, ನಾನು ನುಡಿಯಲ್ಲಿ ಟೈಪ್ ಮಾಡುವುದು. ಕೈಬರಹದ ಪ್ರತಿ ಇರಲಿಲ್ಲ. ಅವರ ಬಾಯಿಂದ ನೇರವಾಗಿ ಕಂಪ್ಯೂಟರಿಗೆ.

ಫೆಬ್ರವರಿಯಲ್ಲಿ ಪರದೆಯ ಮೂಲೆಯಲ್ಲಿ ಏನೋ ಎಚ್ಚರಿಕೆ ಬರತೊಡಗಿತು. ಲಗ್ನಪತ್ರಿಕೆಯ ಸುಗ್ಗಿ, ಗಿರಾಕಿಗಳು ಬಾಗಿಲಲ್ಲಿ. ಓದದೆ ಮುಚ್ಚುತ್ತಾ ಹೋದೆ. ಮಾರ್ಚ್ ಮೊದಲ ವಾರ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿತು. ಯುಪಿಎಸ್ ಕೆಟ್ಟಿದೆ ಎಂದುಕೊಂಡೆ. ಸಾಲ ಮಾಡಿ ಹೊಸ ಬ್ಯಾಟರಿ ಹಾಕಿಸಿದೆ. ಮಾರನೆಯ ದಿನ ಮೇಷ್ಟ್ರು ಬಂದು ಕುಳಿತರು. ಅಂದು ಅವರಿಗೆ ಒಳ್ಳೆಯ ಲಹರಿ. ಮಾತು ನಿಲ್ಲಿಸಿ ‘ಸಾರ್, ಸ್ವಲ್ಪ ತಡೀರಿ, ಸೇವ್ ಮಾಡ್ತೀನಿ’ ಎನ್ನಲು ನನಗೆ ಮನಸ್ಸಾಗಲಿಲ್ಲ. ಒಂಬತ್ತು ಪುಟ ಆಗಿರಬೇಕು. ಪರದೆ ಕಪ್ಪಾಯಿತು.

‘ಕರೆಂಟ್ ಹೋಯ್ತೇನೋ?’ ಎಂದು ಕೇಳಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

‘ಇಲ್ಲ ಸಾರ್. ತಪ್ಪು ನಂದು’ ಎಂದೆ. ಏನಾಯಿತೆಂದು ಬಿಡಿಸಿ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಳೆ ಬರ್ತೀನಿ, ಮತ್ತೆ ಹೇಳ್ತೀನಿ, ಬರ್ಕೋ’ ಎಂದು ಕೋಲು ಹಿಡಿದು ಎದ್ದರು.

ಆ ರಾತ್ರಿ ಎರಡು ಗಂಟೆಯ ಲೆಕ್ಕ ಇಟ್ಟುಕೊಂಡು, ನಡುವೆ ಆರಿಸಿ ಹೊತ್ತಿಸಿ, ಇದ್ದಬದ್ದ ಕಡತಗಳನ್ನೆಲ್ಲ ಸಿ.ಡಿ.ಗಳಿಗೆ ಇಳಿಸಿದೆ. ಪರೀಕ್ಷಾ ಆವೃತ್ತಿಯ ಮೇಲೆ ಅಸಲಿ ಆವೃತ್ತಿಯನ್ನು ಸುಮ್ಮನೆ ಹಾಕಿ ಮುಂದುವರಿಯುವುದು ಸರಿಯಾದ ದಾರಿಯಲ್ಲ, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು. ಪರವಾನಗಿ ಕೊಳ್ಳಲು ಹಣವಿರಲಿಲ್ಲ, ಹಳೆಯ ಎಕ್ಸ್‌ಪಿಯನ್ನೇ ಮತ್ತೆ ಹಾಕಿದೆ. ಮೇಷ್ಟ್ರು ಮಾರನೆಯ ದಿನ ಬಂದರು, ಹೇಳಿದರು. ಆದರೆ ಎರಡನೆಯ ಸಲ ಹೇಳುವಾಗ ಮೊದಲಿನ ಹಾಗೆ ಬರಲಿಲ್ಲ. ಒಂದು ಸಣ್ಣ ಕೆರೆಯ ಹೆಸರು ಅವರಿಗೆ ನೆನಪಾಗಲೇ ಇಲ್ಲ. ಹಿಂದಿನ ದಿನ ಹೇಳಿದ್ದರು, ನಾನು ಟೈಪ್ ಮಾಡಿದ್ದೆ, ನನ್ನ ಬೆರಳುಗಳಿಗೂ ಅದು ನೆನಪಿರಲಿಲ್ಲ. ಆ ಹೆಸರು ಹೇಳಿದ್ದ ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಇದನ್ನು ಹೇಳಿ ನಿಮ್ಮನ್ನು ಹೆದರಿಸಬೇಕೆಂದಲ್ಲ. ಹೊಸದನ್ನು ಪರೀಕ್ಷಿಸಿ ನೋಡುವುದು ಒಳ್ಳೆಯ ಕೆಲಸ. ನಾನೂ ಅದನ್ನು ಬಿಡಲಿಲ್ಲ. 2014ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಪರೀಕ್ಷಾ ಆವೃತ್ತಿ 9841 ಎಂಬ ನಂಬರಿನೊಂದಿಗೆ ಬಂದಾಗ, ಇನ್‌ಸೈಡರ್ ಎಂಬ ಯೋಜನೆಗೆ ನಾನೂ ಹೆಸರು ಕೊಟ್ಟೆ. ಈ ಸಲ ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಲ್ಯಾಪ್‌ಟಾಪ್ ಅದಕ್ಕೆಂದೇ ಇಟ್ಟುಕೊಂಡೆ. ಅಂಗಡಿಯ ಕೆಲಸದ ಒಂದು ಅಕ್ಷರವೂ ಅದರಲ್ಲಿ ಇರಲಿಲ್ಲ. ಅದು ಕೆಟ್ಟರೆ ನಗು ಬರುತ್ತಿತ್ತು, ಅಳು ಬರುತ್ತಿರಲಿಲ್ಲ. ವಿಂಡೋಸ್ ಕುಸಿದಾಗ ನೀಲಿ ಪರದೆ ಬರುತ್ತಿದ್ದುದನ್ನು ನೀವು ಕೇಳಿರಬಹುದು. 2016ರ ಕೊನೆಯಿಂದ ಪರೀಕ್ಷಾ ಆವೃತ್ತಿಗಳಲ್ಲಿ ಅದು ಹಸಿರು ಪರದೆಯಾಯಿತು. ದೂರು ಬಂದಾಗ, ಕುಸಿದದ್ದು ಪರೀಕ್ಷೆಯದೋ ಅಸಲಿಯೋ ಎಂದು ಬಣ್ಣ ನೋಡಿಯೇ ತಿಳಿಯಲೆಂದು ಆ ಉಪಾಯ.

ಬಿಡುಗಡೆಗೆ ಮುಂಚಿನ ಆವೃತ್ತಿಯನ್ನು ಹಾಕಿ ನೋಡುವುದರಲ್ಲಿ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ಉಳಿದರ್ಧ, ಕಂಡ ತಪ್ಪನ್ನು ಬರೆದು ತಿಳಿಸುವುದು. ನನಗೆ ಕನ್ನಡ ಹೇಗೆ ಕಾಣುತ್ತದೆ ಎನ್ನುವುದೇ ಆಸಕ್ತಿ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ತುಂಗಾ ಎಂಬ ಅಕ್ಷರಶೈಲಿಯೊಂದಿಗೆ ಕನ್ನಡ ಯುನಿಕೋಡ್ ನಮಗೆ ಬಂತು. ನಮ್ಮ ಲಿಪಿ ಸರಳವಲ್ಲ. ‘ಸೂರ್ಯ’ ಎಂದು ಬರೆದರೆ ಅರ್ಕಾವತ್ತು ಬರಬೇಕು. ‘ರ‍್ಯಾಂಕ್’ ಎಂದು ಬರೆದರೆ ರಕಾರದ ಕೆಳಗೆ ಯ ಒತ್ತು ಬರಬೇಕು. ಎರಡರಲ್ಲೂ ಸೇರುವುದು ಅದೇ ರ, ಅದೇ ಯ. ಎರಡನೆಯದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಸೇರಿಸಬೇಕು. ಅದನ್ನು ಗಮನಿಸದ ತಂತ್ರಾಂಶ ‘ರ್ಯಾಂಕ್’ ಎಂದು ತೋರಿಸಿಬಿಡುತ್ತದೆ.

ಪರೀಕ್ಷೆಯಲ್ಲಿದ್ದ ಒಂದು ತಂತ್ರಾಂಶದಲ್ಲಿ ಈ ತಪ್ಪು ನನ್ನ ಕಣ್ಣಿಗೆ ಬಿತ್ತು. ‘ಕನ್ನಡ ಸರಿಯಾಗಿ ಬರುತ್ತಿಲ್ಲ, ಸರಿಪಡಿಸಿ’ ಎಂದು ಒಂದು ಸಾಲು ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಒಂದು ದಿನ ಮೇಷ್ಟ್ರು ನಮ್ಮ ನಿಬಂಧ ತಿದ್ದುತ್ತಿದ್ದುದು ನೆನಪಾಯಿತು. ಅವರು ಎಂದೂ ಪುಟದ ಮೇಲೆ ‘ತಪ್ಪು’ ಎಂದು ಗೀಚುತ್ತಿರಲಿಲ್ಲ. ಯಾವ ಸಾಲು, ಯಾವ ಪದ, ನೀನು ಬರೆದದ್ದು ಏನು, ಇರಬೇಕಾದದ್ದು ಏನು, ಯಾಕೆ, ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ನಾನೂ ಹಾಗೆ ಬರೆದೆ. ಬಿಲ್ಡ್ ನಂಬರು ಇಷ್ಟು, ಇಂಥ ಅಕ್ಷರಶೈಲಿ, ಒತ್ತಿದ ಕೀಲಿಗಳು ಈ ಕ್ರಮದಲ್ಲಿ, ಕಂಡದ್ದು ಹೀಗೆ, ಕಾಣಬೇಕಾದದ್ದು ಹೀಗೆ, ಎರಡರ ಚಿತ್ರವೂ ಇದೆ. ಈ ಸಲ ಒಬ್ಬರು ಮರುಪ್ರಶ್ನೆ ಕೇಳಿದರು. ಕೆಲವು ತಿಂಗಳ ಮೇಲೆ ಬಂದ ಆವೃತ್ತಿಯಲ್ಲಿ ಅದು ಸರಿಯಾಗಿತ್ತು. ನನ್ನಿಂದಲೇ ಆಯಿತೆಂದು ಹೇಳಲಾರೆ. ಇನ್ನೂ ಹತ್ತು ಜನ ಬರೆದಿರಬಹುದು. ಆದರೆ ಇನ್ನೊಂದು ಭಾಷೆಯವನಿಗೆ ಆ ತಪ್ಪು ತಪ್ಪೆಂದೇ ತಿಳಿಯುವುದಿಲ್ಲ. ನಾವು ಬರೆಯದಿದ್ದರೆ ಬರೆಯುವವರು ಯಾರು?

ವರದಿ ಕೇಳುವವರ ಕಡೆಯೂ ಎಚ್ಚರ ಬೇಕು. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಎಂಬ ಪರಿಷ್ಕರಣೆ ಹೊರಬಂತು. ಕೆಲವರ ಡಾಕ್ಯುಮೆಂಟುಗಳು, ಫೋಟೋಗಳು ಅಳಿಸಿಹೋದವು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ತಡೆಹಿಡಿದು, ತಪ್ಪು ತಿದ್ದಿ, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿತು. ಪರೀಕ್ಷಕರಲ್ಲಿ ಕೆಲವರು ಆ ದೋಷವನ್ನು ಮೊದಲೇ ಬರೆದಿದ್ದರು. ಬರೆದವರು ಕಡಿಮೆ, ಬೆಂಬಲದ ಮತಗಳೂ ಕಡಿಮೆ, ರಾಶಿಯ ಕೆಳಗೆ ಅದು ಹೂತುಹೋಗಿತ್ತು. ಆಮೇಲೆ, ದೋಷ ಎಷ್ಟು ಗಂಭೀರ ಎಂಬುದನ್ನೂ ಗುರುತು ಮಾಡುವ ವ್ಯವಸ್ಥೆಯನ್ನು ತಂದರು. ಹಿಂದಿನ ಬೆಂಚಿನಲ್ಲಿ ಒಬ್ಬನೇ ಹುಡುಗ ‘ಸಾರ್, ಛಾವಣಿ ಬಿರುಕು ಬಿಟ್ಟಿದೆ’ ಎಂದರೂ ಮೇಷ್ಟ್ರು ತಲೆಯೆತ್ತಿ ನೋಡಲೇಬೇಕು.

ಮಕ್ಕಳೇ, ನಿಮ್ಮಲ್ಲಿ ಹಲವರ ಮನೆಯಲ್ಲಿ ಈಗ ಕಂಪ್ಯೂಟರ್ ಇದೆ, ಶಾಲೆಯಲ್ಲಂತೂ ಲ್ಯಾಬ್ ಇದೆ. ಹೊಸದನ್ನು ನೋಡುವ ಆಸೆ ಬಂದರೆ ನಾಲ್ಕು ಮಾತು ನೆನಪಿಡಿ. ಒಂದು, ಮನೆಗೆ ಇರುವ ಒಂದೇ ಯಂತ್ರದ ಮೇಲೆ, ಅದರಲ್ಲೂ ಶಾಲೆಯ ಯಂತ್ರದ ಮೇಲೆ ಪ್ರಯೋಗ ಬೇಡ. ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಒಳಗಿನ ಡಿಸ್ಕನ್ನು ಮುಟ್ಟಬೇಕಾಗಿಲ್ಲ. ಎರಡು, ಮುಖ್ಯವಾದ ಬರಹದ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿ ಇರಲಿ. ಮೂರು, ತಯಾರಕರ ಸ್ವಂತ ತಾಣದಿಂದಲ್ಲದೆ ಬೇರೆ ಎಲ್ಲಿಂದಲೂ ಇಳಿಸಬೇಡಿ. 2009ರಲ್ಲಿ ಇದೇ ವಿಂಡೋಸ್ 7ರ ಕಳ್ಳ ಪ್ರತಿಗಳಲ್ಲಿ ವೈರಸ್ಸಿನಂಥ ದುಷ್ಟ ತಂತ್ರಾಂಶ ಸೇರಿಸಿ ಹಂಚಿದವರಿದ್ದರು. ನಾಲ್ಕು, ಗಡುವಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ನಾನು ಈಗ ಹಾಗೇ ಮಾಡುತ್ತೇನೆ. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅದೂ ಇರುತ್ತದೆ.

ಮೇಷ್ಟ್ರ ಪುಸ್ತಕ ಅಚ್ಚಾಯಿತು. ಅವರ ಕಣ್ಣಿನ ಶಸ್ತ್ರಚಿಕಿತ್ಸೆಯೂ ಆಗಿ, ಮೊದಲ ಪ್ರತಿಯನ್ನು ಅವರೇ ಓದಿದರು. ಈಗ ಅವರಿಲ್ಲ. ಪುಸ್ತಕದ ಒಂದು ಪ್ರತಿ ನಮ್ಮ ಶಾಲೆಯ ಗ್ರಂಥಾಲಯದಲ್ಲಿದೆ. ಅದರಲ್ಲಿ ಒಂದು ಕಡೆ ‘ಗುಡ್ಡದ ಪಡುವಣ ದಿಕ್ಕಿನ ಒಂದು ಸಣ್ಣ ಕೆರೆ’ ಎಂದಷ್ಟೇ ಇದೆ. ಉಳಿದ ಎಲ್ಲ ಕೆರೆಗೂ ಹೆಸರಿದೆ, ಅದಕ್ಕೆ ಮಾತ್ರ ಇಲ್ಲ. ಆ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳು ಇಲ್ಲಿ ಕೆಲವರಾದರೂ ಇದ್ದೀರಿ. ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಒಮ್ಮೆ ಕೇಳಿ ನೋಡಿ. ಹೆಸರು ಗೊತ್ತಾದರೆ ಬಸ್ ನಿಲ್ದಾಣದ ಎದುರಿನ ನನ್ನ ಅಂಗಡಿಗೆ ಬಂದು ಹೇಳಿ. ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ.